ಮೊದಲ ಸಲ ನೋಡುವವರಿಗೆ ಜಾಗ ಬಿಡಿ

"80 ವರ್ಷ ಹಳೇ ಸಿನಿಮಾ. ಕೊಲೆಗಾರ ಯಾರು ಅಂತ ಹೇಳಿದರೆ ಏನೀಗ?"

ಹೋದ ಶನಿವಾರ ನಮ್ಮ ಗುಂಪಿನಲ್ಲಿ ಒಬ್ಬರು ಹೀಗೆ ಬರೆದರು. ಹಿರಿಯರು, ಈ ಸಿನಿಮಾಗಳ ಬಗ್ಗೆ ನನಗಿಂತ ಎಷ್ಟೋ ಪಾಲು ಜಾಸ್ತಿ ತಿಳಿದವರು. ಅವರ ಮೇಲೆ ಗೌರವವಿದೆ. ಆದರೂ ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಅಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ಸುಮ್ಮನಾದೆ. ಇಲ್ಲಿ ಪೂರ್ತಿ ಹೇಳುತ್ತೇನೆ.

ಗೊತ್ತಿಲ್ಲದವರಿಗಾಗಿ ಮೊದಲು ವಿಷಯ. ಪತ್ತೇದಾರ ಶೆರ್ಲಾಕ್ ಹೋಮ್ಸ್‌ನ ಹಳೆಯ ಕಪ್ಪು ಬಿಳುಪು ಸಿನಿಮಾಗಳನ್ನು ಇಷ್ಟಪಡುವವರ ಒಂದು ಆನ್‌ಲೈನ್ ಗುಂಪಿನಲ್ಲಿ ನಾನಿದ್ದೇನೆ. ಲಾಕ್‌ಡೌನ್ ಹೊತ್ತಿನಲ್ಲಿ ಸೇರಿದ್ದು. ಹದಿನೈದು ದಿನಕ್ಕೊಮ್ಮೆ ಶನಿವಾರ ಎಲ್ಲರೂ ಒಂದೇ ಹೊತ್ತಿಗೆ ಒಂದೇ ಸಿನಿಮಾ ನೋಡುತ್ತೇವೆ. ಅವರವರ ಮನೆಯಲ್ಲಿ ಅವರವರ ಡಿವಿಡಿಯೋ, ಇಂಟರ್ನೆಟ್ಟಿನಲ್ಲಿ ಸಿಗುವ ಪ್ರತಿಯೋ ಹಾಕಿಕೊಂಡು ಕೂರುವುದು. ನಡೆಸಿಕೊಡುವವರು 3, 2, 1 ಎಂದು ಎಣಿಸಿದ ಕೂಡಲೇ ಪ್ಲೇ ಒತ್ತುವುದು. ಪಕ್ಕದಲ್ಲಿ ಚಾಟ್ ತೆರೆದಿರುತ್ತದೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಆಗ ಮಧ್ಯಾಹ್ನ 1 ಗಂಟೆ, ಮೈಸೂರಿನಲ್ಲಿ ನನಗೆ ರಾತ್ರಿ 10.30. ಅಲ್ಲಿ ಚಳಿಗಾಲಕ್ಕೆ ಗಡಿಯಾರ ಹಿಂದಕ್ಕೆ ತಿರುಗಿಸಿದರೆ ನನಗೆ 11.30 ಆಗುತ್ತದೆ. ಆದರೂ ತಪ್ಪಿಸುವುದಿಲ್ಲ.

ಹೆಚ್ಚಾಗಿ ನೋಡುವುದು ಬೇಸಿಲ್ ರಾಥ್‌ಬೋನ್ ಹೋಮ್ಸ್ ಆಗಿ, ನೈಜೆಲ್ ಬ್ರೂಸ್ ಅವನ ಗೆಳೆಯ ವಾಟ್ಸನ್ ಆಗಿ ನಟಿಸಿದ 14 ಸಿನಿಮಾಗಳನ್ನು. 1939ರಲ್ಲಿ ಫಾಕ್ಸ್ ಕಂಪನಿ ಎರಡು ಮಾಡಿತು. 1942ರಿಂದ 1946ರವರೆಗೆ ಯೂನಿವರ್ಸಲ್ ಕಂಪನಿ 12 ಮಾಡಿತು. ಫಾಕ್ಸ್‌ನ ಹೋಮ್ಸ್ ಕುದುರೆಗಾಡಿ ಕಾಲದವನು. ಯೂನಿವರ್ಸಲ್‌ನವರು ಅವನನ್ನು ತಮ್ಮ ಕಾಲಕ್ಕೇ ಎಳೆದು ತಂದು, ಮೊದಮೊದಲು ನಾಜಿಗಳ ಬೆನ್ನು ಹತ್ತಿಸಿದರು. ಆ 12ರಲ್ಲಿ 11ನ್ನು ನಿರ್ದೇಶಿಸಿದ್ದು ರಾಯ್ ವಿಲಿಯಂ ನೀಲ್ ಒಬ್ಬರೇ. ಕಡಿಮೆ ದುಡ್ಡಿನಲ್ಲಿ, ನೆರಳು ಮತ್ತು ಮಂಜನ್ನೇ ಬಂಡವಾಳ ಮಾಡಿಕೊಂಡು ಆ ಮನುಷ್ಯ ಏನೆಲ್ಲ ಮಾಡಿದ್ದಾರೆ! ಒಂದು ಟಿಕೆಟ್ಟಿಗೆ ಎರಡು ಸಿನಿಮಾ ತೋರಿಸುತ್ತಿದ್ದ ಕಾಲ ಅದು. ಆ ಜೋಡಿಯಲ್ಲಿ ಚಿಕ್ಕದಾಗಿ ಹೋಗುತ್ತಿದ್ದ ಸಿನಿಮಾಗಳು ಇವು, ಒಂದು ಗಂಟೆ, ಒಂದೂಕಾಲು ಗಂಟೆ ಅಷ್ಟೆ. ಕೊಲೆಗಾರ ಯಾರೆಂದು ಗೊತ್ತಿಲ್ಲದ ನೂರಾರು ಜನ ಕತ್ತಲಲ್ಲಿ ಒಟ್ಟಿಗೆ ಕೂತು ನೋಡಲಿ ಎಂದೇ ಮಾಡಿದ್ದು. ನಮ್ಮ ಶನಿವಾರದ ಕೂಟ ಅದಕ್ಕೆ ಸ್ವಲ್ಪ ಹತ್ತಿರ ಬರುತ್ತದೆ. ಆದರೆ ಗೊತ್ತಿಲ್ಲದವರು ಗುಂಪಿನಲ್ಲಿ ಇದ್ದರೆ ಮಾತ್ರ, ಅಲ್ವಾ?

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಆ ಒಂದು ಗಂಟೆ ಮೊದಲ ಸಲ ನೋಡುವವರದು. ಹತ್ತು ಸಲ ನೋಡಿದ ನಾವು ಆಮೇಲೆ ರಾತ್ರಿಯಿಡೀ ಮಾತಾಡಬಹುದು. ಸಿನಿಮಾ ನಡೆಯುವಾಗ ನಮ್ಮ ಜ್ಞಾನ ಪಕ್ಕಕ್ಕಿರಲಿ.

ಇದು ಬರೀ ಶಿಷ್ಟಾಚಾರದ ಮಾತು ಎಂದುಕೊಳ್ಳಬೇಡಿ. ಹೊಸಬರ ಕಣ್ಣಿಗೆ ಬೀಳುವುದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಒಂದು ಪ್ರಸಂಗ ಹೇಳುತ್ತೇನೆ. ನಮ್ಮಲ್ಲಿ ಇಂಗ್ಲೆಂಡಿನ ಒಬ್ಬರಿದ್ದಾರೆ. ಶುರುವಿನಲ್ಲಿ ಎಲ್ಲರ ಜೊತೆಗೇ ಇರುತ್ತಾರೆ, ಕೊನೆಯ ಹೊತ್ತಿಗೆ ನಮಗಿಂತ ಎರಡೂವರೆ ನಿಮಿಷ ಮುಂದೆ. ನಾವಿನ್ನೂ ಉಸಿರು ಬಿಗಿಹಿಡಿದು ಕೂತಿದ್ದರೆ ಅವರು "ಅಯ್ಯೋ, ಇವನಾ!" ಎಂದು ಬರೆದುಬಿಡುತ್ತಿದ್ದರು. ಅವರ ನೆಟ್ ಸರಿಯಿಲ್ಲ ಎಂದರು ಕೆಲವರು. ಬೇಕೆಂದೇ ಮುಂದಕ್ಕೆ ಓಡಿಸುತ್ತಾರೆ ಎಂದೂ ಇಬ್ಬರು ಅಂದರು. ಪಾಪ, ಅವರಿಗೆ ತುಂಬಾ ಬೇಜಾರಾಗಿತ್ತು. ತಿಂಗಳುಗಟ್ಟಲೆ ಹೀಗೇ ನಡೆಯಿತು. ಪತ್ತೇದಾರಿ ಸಿನಿಮಾ ಅರೆದು ಕುಡಿದವರೇ ತುಂಬಿದ್ದ ಗುಂಪಿನಲ್ಲಿ ಒಬ್ಬರಿಗೂ ಸರಿಯಾದ ಪ್ರಶ್ನೆ ಹೊಳೆಯಲಿಲ್ಲ.

ಕೊನೆಗೆ ಕೇಳಿದ್ದು ಆ ವಾರವಷ್ಟೇ ಸೇರಿದ್ದ ಒಬ್ಬ ಕಾಲೇಜು ಹುಡುಗಿ. ಅವತ್ತು 68 ನಿಮಿಷದ 'ದಿ ವುಮನ್ ಇನ್ ಗ್ರೀನ್' ಇತ್ತು. ಅವಳು ಹೊತ್ತು ಬರೆದಿಟ್ಟುಕೊಂಡಿದ್ದಳು. 15 ನಿಮಿಷದ ಹೊತ್ತಿಗೆ ಆ ಇಂಗ್ಲೆಂಡಿನವರು ಮುಕ್ಕಾಲು ನಿಮಿಷಕ್ಕೂ ಕಡಿಮೆ ಮುಂದಿದ್ದರು, ಅರ್ಧ ಗಂಟೆಗೆ ಒಂದು ನಿಮಿಷ ದಾಟಿತ್ತು. ಮೊದಲೇ ಪ್ಲೇ ಒತ್ತಿದ್ದರೆ ಅಂತರ ಕೊನೆಯವರೆಗೂ ಅಷ್ಟೇ ಇರಬೇಕಿತ್ತು, ಇದು ಯಾಕೆ ಬೆಳೆಯುತ್ತಾ ಹೋಗುತ್ತದೆ ಎಂದು ಕೇಳಿದಳು. ಅಷ್ಟು ಸಾಕಾಯಿತು. ಸಿನಿಮಾ ರೀಲು ಓಡುವುದು ಸೆಕೆಂಡಿಗೆ 24 ಚಿತ್ರದಂತೆ. ಬ್ರಿಟನ್ನಿನ ಹಳೆಯ ಟಿವಿ ವ್ಯವಸ್ಥೆ ಸೆಕೆಂಡಿಗೆ 25 ತೋರಿಸುತ್ತಿತ್ತು. ಅದಕ್ಕಾಗಿ ಮಾಡಿದ ಡಿವಿಡಿಗಳಲ್ಲಿ ಇಡೀ ಸಿನಿಮಾವೇ ಶೇಕಡ 4ರಷ್ಟು ಬೇಗ ಓಡುತ್ತದೆ, ದನಿಯೂ ಒಂಚೂರು ಮೇಲೇರುತ್ತದೆ. ಅವರು ನೋಡುತ್ತಿದ್ದದ್ದು ಆ ಡಿವಿಡಿ. ಅವರದು ಏನೂ ತಪ್ಪಿರಲಿಲ್ಲ. ಈಗ ಅವರು ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರಿನಲ್ಲಿ ವೇಗವನ್ನು 0.96ಕ್ಕೆ ಇಳಿಸಿ ನೋಡುತ್ತಾರೆ. ಎಲ್ಲರೂ ಒಟ್ಟಿಗೆ ಬೆಚ್ಚಿಬೀಳುತ್ತೇವೆ, ಒಟ್ಟಿಗೆ ನಗುತ್ತೇವೆ.

ಅವತ್ತಿನಿಂದ ವಾಟ್ಸನ್ ಮೇಲಿನ ನನ್ನ ಮುನಿಸೂ ಕರಗಿತು. ಕಾನನ್ ಡಾಯ್ಲ್ ಬರೆದ 56 ಕಥೆ, 4 ಕಾದಂಬರಿಗಳ ವಾಟ್ಸನ್ ಪೆದ್ದನಲ್ಲ. ಸೈನ್ಯದಲ್ಲಿದ್ದು ಬಂದ ಡಾಕ್ಟರು, ಧೈರ್ಯವಂತ. ಸಿನಿಮಾದವರು ಅವನನ್ನು ತಡಬಡಾಯಿಸುವ ಮುದುಕನಂತೆ ಮಾಡಿದರು ಎಂಬ ದೂರು ಹಳೆಯದು. ನನಗೂ ಇತ್ತು. ಆದರೆ ಹತ್ತಾರು ಜನರ ಜೊತೆ ನೋಡುವಾಗ ಬ್ರೂಸ್ ಬೇರೆಯೇ ಆಗಿ ಕಾಣುತ್ತಾರೆ. ನಮಗೆ ಅರ್ಥವಾಗದ್ದನ್ನು ಅವರು ನಾಚಿಕೆ ಬಿಟ್ಟು ಕೇಳುತ್ತಾರೆ. ಆಗ ಚಾಟ್‌ನಲ್ಲಿ ಹೊಸಬರಿಗೂ ಕೇಳುವ ಧೈರ್ಯ ಬರುತ್ತದೆ. ಆ ಜೋಡಿಯ ಮೇಲೆ ನನಗೆ ತುಂಬಾ ಪ್ರೀತಿ. ಇಷ್ಟು ಅಪ್ಪಟ ಇಂಗ್ಲಿಷರಂತೆ ಕಾಣುವ ಇಬ್ಬರಲ್ಲಿ ರಾಥ್‌ಬೋನ್ ಹುಟ್ಟಿದ್ದು ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗಿನಲ್ಲಿ, ಬ್ರೂಸ್ ಹುಟ್ಟಿದ್ದು ಮೆಕ್ಸಿಕೋದಲ್ಲಿ.

ಒಮ್ಮೆ ಹೋಮ್ಸ್ ಬಿಟ್ಟು 'ಚಾರ್ಲಿ ಚಾನ್ ಅಟ್ ದಿ ಒಪೆರಾ' ಹಾಕಿದ್ದರು. 1936ರದ್ದು, ಭಯಾನಕ ಸಿನಿಮಾಗಳಿಗೆ ಹೆಸರಾದ ನಟ ಬೋರಿಸ್ ಕಾರ್ಲಾಫ್ ಇದ್ದಾರೆ. ನಾವು ಹಳಬರು ಕಾರ್ಲಾಫ್ ಬಗ್ಗೆ ಸಂಭ್ರಮದಿಂದ ಬರೆಯುತ್ತಿದ್ದೆವು. ಹೊಸ ಹುಡುಗನೊಬ್ಬ ಕೇಳಿದ: "ಆ ಪತ್ತೇದಾರ ಚೀನಾದವರಾ, ಅಥವಾ ಮೇಕಪ್ಪಾ?" ಚಾಟ್ ಒಂದು ಕ್ಷಣ ನಿಂತುಹೋಯಿತು. ಪತ್ತೇದಾರ ಚಾನ್ ಆಗಿದ್ದ ವಾರ್ನರ್ ಓಲೆಂಡ್ ಹುಟ್ಟಿದ್ದು ಸ್ವೀಡನ್ನಿನಲ್ಲಿ. ಪಕ್ಕದಲ್ಲೇ ಮಗನ ಪಾತ್ರ ಮಾಡುತ್ತಿದ್ದ ಕೀ ಲೂಕ್ ಚೀನಾದಲ್ಲೇ ಹುಟ್ಟಿದವರು. ಚೀನಾದವನೇ ಆದ ನಾಯಕನ ಪಾತ್ರವನ್ನು ಚೀನೀ ಮೂಲದ ನಟನಿಗೆ ಕೊಡುವ ಮನಸ್ಸು ಅದನ್ನು ಮಾಡಿದ ಫಾಕ್ಸ್ ಕಂಪನಿಗೆ ಇರಲಿಲ್ಲ. ನಮಗೆಲ್ಲ ಗೊತ್ತಿದ್ದ ವಿಷಯವೇ. ಗೊತ್ತಿದ್ದೂ ಗೊತ್ತಿದ್ದೂ ಅದು ಕಣ್ಣಿಗೆ ಕಾಣುವುದೇ ನಿಂತುಹೋಗಿತ್ತು. ಅವತ್ತು ಸಿನಿಮಾ ಮುಗಿದ ಮೇಲೆ ನಡೆದ ಮಾತುಕತೆಯಷ್ಟು ಒಳ್ಳೆಯದು ಇನ್ಯಾವತ್ತೂ ನಡೆದಿಲ್ಲ.

ಈಗ ಹೋದ ಶನಿವಾರಕ್ಕೆ ಬರುತ್ತೇನೆ.

ನನ್ನ ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಆದರೆ ಹುಡುಗಿಯಾಗಿದ್ದಾಗ ಲೈಬ್ರರಿಯಿಂದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ತಂದು, ಒಲೆಯ ಮುಂದೆ ಕೂತು ಓದಿದವಳು. ಪತ್ತೇದಾರ ಪುರುಷೋತ್ತಮ ಎಂದರೆ ಈಗಲೂ ಅವಳ ಮುಖ ಅರಳುತ್ತದೆ. ಅಂಥ ಒಂದು ಪುಸ್ತಕದ ಮೊದಲ ಪುಟದಲ್ಲೇ ಯಾರೋ ಪೆನ್ಸಿಲ್ಲಿನಲ್ಲಿ ಕೊಲೆಗಾರನ ಹೆಸರು ಬರೆದಿಟ್ಟಿದ್ದರಂತೆ. ಅಷ್ಟು ವರ್ಷವಾದರೂ ಅದನ್ನು ಹೇಳುವಾಗ ಅಮ್ಮನಿಗೆ ಸಿಟ್ಟು ಬರುತ್ತದೆ. "ಬರೆದವರಿಗೆ ಏನು ಸಿಕ್ತು ಕಣೇ?" ಎನ್ನುತ್ತಾಳೆ.

ಶನಿವಾರ ಇದ್ದದ್ದು 'ಟೆರರ್ ಬೈ ನೈಟ್', 1946ರದ್ದು. ಲಂಡನ್ನಿನಿಂದ ಎಡಿನ್‌ಬರೋಗೆ ಹೋಗುವ ರಾತ್ರಿ ರೈಲು, ಅದರಲ್ಲಿ ಒಂದು ದೊಡ್ಡ ವಜ್ರ, ಒಂದು ಕೊಲೆ. ಹೆಚ್ಚು ಕಡಿಮೆ ಎಲ್ಲವೂ ರೈಲಿನೊಳಗೇ. ಪೂರ್ತಿ ಸಿನಿಮಾ ಒಂದೇ ಗಂಟೆ. ಅಮೆರಿಕದಲ್ಲಿ ಇದರ ಹಕ್ಕು ಈಗ ಯಾರ ಬಳಿಯೂ ಇಲ್ಲ. ಹಾಗಾಗಿ ಮಸಿ ಬಳಿದಂಥ ಪ್ರತಿಗಳು ಎಲ್ಲೆಲ್ಲೂ ಓಡಾಡುತ್ತವೆ. ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ಸಿನಿಮಾ ಆರ್ಕೈವ್‌ನವರು ಯೂನಿವರ್ಸಲ್‌ನ ಈ 12 ಸಿನಿಮಾಗಳನ್ನು ಶ್ರದ್ಧೆಯಿಂದ ಸರಿಪಡಿಸಿದ್ದಾರೆ, ನನ್ನ ಹತ್ತಿರ ಇರುವುದು ಆ ಪ್ರತಿ. ಅಮ್ಮ ಮೊದಲ ಸಲ ನನ್ನ ಜೊತೆ ಕೂತಳು. ನಾನು ಮಾತುಗಳನ್ನು ಕನ್ನಡದಲ್ಲಿ ಹೇಳುತ್ತಿದ್ದೆ, ಚಾಟ್ ಓದಿ ಹೇಳುತ್ತಿದ್ದೆ. ಅಮ್ಮನಿಗೆ ರೈಲಿನಲ್ಲಿ ಇಬ್ಬರ ಮೇಲೆ ಅನುಮಾನ ಬಂತು. "ಅವನ ನಗು ನನಗೆ ಸರಿ ಕಾಣಲ್ಲ" ಎಂದಳು. ಅದನ್ನು ಇಂಗ್ಲಿಷಿನಲ್ಲಿ ಬರೆದು ಹಾಕಿದೆ. ಯಾರ್‍ಯಾರೋ, ಯಾವ್ಯಾವುದೋ ದೇಶದವರು "ನಿಮ್ಮ ಅಮ್ಮ ಇನ್ನೇನು ಹೇಳ್ತಾರೆ?" ಎಂದು ಕೇಳತೊಡಗಿದರು. ಅಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

ಆಗಲೇ ಆ ಹಿರಿಯರು ಹೆಸರು ಬರೆದುಬಿಟ್ಟರು. ಇನ್ನೂ 20 ನಿಮಿಷ ಬಾಕಿ ಇತ್ತು.

"ಏನಂತೆ?" ಎಂದಳು ಅಮ್ಮ. "ಏನಿಲ್ಲಮ್ಮ, ಹಾಗೇ ಏನೋ" ಎಂದೆ. ಅಮ್ಮನಿಗೆ ಸುಳ್ಳು ಹೇಳಬೇಕಾಯಿತು. ಅವಳಿಗೆ ಇಂಗ್ಲಿಷ್ ಓದಲು ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅವಳ ಸಿನಿಮಾ ಉಳಿಯಿತು. ಉಳಿದ ಹೊಸಬರದು ಉಳಿಯಲಿಲ್ಲ. ಒಬ್ಬ "ಇನ್ನು ನೋಡಿ ಏನು ಮಾಡಲಿ" ಎಂದು ಬರೆದು ಹೊರಟುಹೋದ. ಅದಕ್ಕೆ ಬಂದ ಉತ್ತರವೇ ಮೊದಲ ಸಾಲಿನಲ್ಲಿ ಹೇಳಿದ ಮಾತು.

ಸಿನಿಮಾಗೆ 80 ವರ್ಷವಾಗಿರಬಹುದು. ಅಮ್ಮನಿಗೆ ಅದು ಅವತ್ತು ರಾತ್ರಿ ಹುಟ್ಟಿತ್ತು. ಅವಳ ಊಹೆ ಒಬ್ಬರ ವಿಷಯದಲ್ಲಿ ಸರಿಯಾಯಿತು, ಇನ್ನೊಬ್ಬರ ವಿಷಯದಲ್ಲಿ ತಪ್ಪಾಯಿತು. ಯಾರು ಎಂದು ಇಲ್ಲೂ ಹೇಳುವುದಿಲ್ಲ. ತಪ್ಪಾಗಿದ್ದಕ್ಕೇ ಜಾಸ್ತಿ ಖುಷಿಪಟ್ಟಳು. "ಎಷ್ಟು ಚೆನ್ನಾಗಿ ಏಮಾರಿಸಿದರು ನೋಡು!" ಎಂದು ಮಲಗುವವರೆಗೂ ಹೇಳುತ್ತಲೇ ಇದ್ದಳು.

ಗುಂಪಿನಲ್ಲಿ ಒಂದು ನಿಯಮ ಬೇಕೆಂದು ಕೇಳಿದ್ದೇನೆ. ಸಿನಿಮಾ ನಡೆಯುವಾಗ ಮೊದಲ ಸಲ ನೋಡುವವರು ಮಾತ್ರ ಊಹೆ ಬರೆಯಲಿ. ನಾವು ಓದೋಣ. ಒಪ್ಪುತ್ತಾರೋ ಇಲ್ಲವೋ, ಈ ವಾರ ತೀರ್ಮಾನವಾಗುತ್ತದೆ. ಒಪ್ಪದಿದ್ದರೆ ಚಾಟ್ ಮುಚ್ಚಿಟ್ಟು ಅಮ್ಮನ ಜೊತೆ ನೋಡುತ್ತೇನೆ.

ಮುಂದಿನದು 'ದಿ ಸ್ಕಾರ್ಲೆಟ್ ಕ್ಲಾ'. ಕೆನಡಾದ ಒಂದು ಹಳ್ಳಿ, ಸುತ್ತ ಜೌಗು, ಮಂಜು. ಶುರುವಿನಲ್ಲೇ ಕತ್ತಲಲ್ಲಿ ಚರ್ಚಿನ ಗಂಟೆ ಹೊಡೆಯುತ್ತಿರುತ್ತದೆ, ಹೊಡೆಯುತ್ತಿರುವವರು ಯಾರೆಂದು ಊರಿನವರಿಗೆ ಗೊತ್ತಿಲ್ಲ. ಅಮ್ಮನಿಗೂ ಗೊತ್ತಿಲ್ಲ.