60 ಇದ್ದದ್ದು 100 ಆಯ್ತು, ಆದರೆ...

'ಐರ್ಲೆಂಡ್‌ನಲ್ಲಿ ಮೈಲಿ ತೆಗೆದು ಕಿಲೋಮೀಟರ್ ತಂದರು, 60 ಇದ್ದ ವೇಗದ ಮಿತಿ ಸೀದಾ 100 ಆಯ್ತು' ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಅರ್ಧ ನಿಜ, ಅಷ್ಟೇ.

ಬದಲಾವಣೆ ಆಗಿದ್ದು 2005ರ ಜನವರಿ 20ರಂದು. 60 ಮೈಲಿ ಅಂದ್ರೆ ಸುಮಾರು 96.5 ಕಿಲೋಮೀಟರ್. ಅಂದಮೇಲೆ 100 ಆಗಿದ್ದರಿಂದ ಜಾಸ್ತಿಯಾಗಿದ್ದು ಮೂರೂವರೆ ಕಿಲೋಮೀಟರ್ ಮಾತ್ರ. ಅದೂ ರಾಷ್ಟ್ರೀಯ ರಸ್ತೆಗಳಲ್ಲಿ. ಹಳ್ಳಿ ಕಡೆಯ ಕಿರಿದಾದ ರಸ್ತೆಗಳಲ್ಲಿ ಅದೇ 60 ಮೈಲಿಯನ್ನು 80 ಕಿಲೋಮೀಟರಿಗೆ ಇಳಿಸಿದರು. ಫಾರ್ವರ್ಡ್ ಮಾಡಿದವರು ಇದನ್ನು ಸುಮ್ನೆ ಬಿಟ್ಟುಬಿಟ್ಟಿದ್ದಾರೆ. ಮೋಟಾರ್‌ವೇಯಲ್ಲಿ ಮಾತ್ರ 70 ಮೈಲಿ, ಅಂದರೆ ಸುಮಾರು 113 ಕಿಲೋಮೀಟರ್, 120ಕ್ಕೆ ಏರಿತು.

ಜನ ಗೊಂದಲಪಡಬಾರದು ಅಂತ ಹೊಸ ಬೋರ್ಡಿನಲ್ಲಿ ಅಂಕಿಯ ಕೆಳಗೆ 'ಗಂಟೆಗೆ ಕಿ.ಮೀ.' ಎಂಬ ಗುರುತನ್ನೂ ಹಾಕಿದರು. ಡಬ್ಲಿನ್‌ನಿಂದ ಬೆಲ್‌ಫಾಸ್ಟ್‌ಗೆ ಕಾರಿನಲ್ಲಿ ಹೊರಟ ಕನ್ನಡಿಗರು ಗಮನಿಸಿ: ಬೆಲ್‌ಫಾಸ್ಟ್ ಇರುವ ಉತ್ತರ ಐರ್ಲೆಂಡ್ ಬ್ರಿಟನ್ನಿಗೆ (ಯುಕೆ) ಸೇರಿದ್ದು, ಅಲ್ಲಿ ಈಗಲೂ ಮೈಲಿಯೇ, ಬೋರ್ಡಿನಲ್ಲಿ ಬರೀ ಅಂಕಿ ಇರುತ್ತೆ.