650 ಪದಗಳ ಕಷ್ಟ ಬೇಕಾಗಿದೆ

ಹೋದ ಭಾನುವಾರ ಚಿಕ್ಕಮಗಳೂರಿನ ಹೋಟೆಲೊಂದರ ಸಭಾಂಗಣದಲ್ಲಿ ನಡೆದ ವಿದೇಶಿ ಕಾಲೇಜು ಪ್ರವೇಶ ಹಾಗೂ ಪ್ರಬಂಧ ತರಬೇತಿ ಶಿಬಿರದ ಸುದ್ದಿಯನ್ನು ಓದುಗರು ಈಗಾಗಲೇ ಗಮನಿಸಿಯೇ ಇರುತ್ತಾರೆ. ವೇದಿಕೆಯ ಮೇಲೆ ಕೋಟು ತೊಟ್ಟ ಸಲಹೆಗಾರರು, ಮುಂದಿನ ಸಾಲಿನಲ್ಲಿ ಕಾಫಿ ಬೆಳೆಗಾರ ದಂಪತಿಗಳು, ಅವರ ಪಕ್ಕದಲ್ಲಿ ಮೊಬೈಲಿಗೆ ಮುಖ ಕೊಟ್ಟು ಕುಳಿತ ಮಕ್ಕಳು. ಮಕ್ಕಳಿಗೆ ಅಂಕವಿದೆ, ಪೋಷಕರಿಗೆ ಹಣವಿದೆ, ಈ ಮಕ್ಕಳಲ್ಲಿ ಇಲ್ಲದಿರುವುದು ಕಥೆಯೊಂದೇ, ಅದನ್ನು ಒದಗಿಸಲು ತಾವಿದ್ದೇವೆ ಎಂಬುದು ಸಲಹೆಗಾರರ ಮಾತಿನ ಸಾರ. ಕಾಫಿಯ ಬೆಲೆ ದಾಖಲೆ ಮುಟ್ಟಿದ ಮೇಲೆ ನಮ್ಮ ಮಲೆನಾಡಿಗೆ ಏನೇನು ಬರಬಹುದೆಂದು ಊಹಿಸಿದ್ದೆವೋ ಅವೆಲ್ಲ ಬಂದವು. ಕಷ್ಟವನ್ನು ಮಾರುವವರು ಬರುತ್ತಾರೆಂದು ಮಾತ್ರ ಯಾರೂ ಊಹಿಸಿರಲಿಲ್ಲ.

ಅಮೆರಿಕದ ಸಾವಿರಕ್ಕೂ ಹೆಚ್ಚು ಕಾಲೇಜುಗಳು ಒಪ್ಪಿಕೊಳ್ಳುವ ‘ಕಾಮನ್ ಆ್ಯಪ್’ ಎಂಬ ಅರ್ಜಿ ಪ್ರತಿವರ್ಷ ಆಗಸ್ಟ್ 1ರಂದು ತೆರೆದುಕೊಳ್ಳುತ್ತದೆ. ಅದರಲ್ಲಿ 250 ಪದಗಳಿಗೆ ಕಡಿಮೆಯಾಗದ, 650 ಪದಗಳನ್ನು ಮೀರದ ಒಂದು ಪ್ರಬಂಧದ ಮೂಲಕ ವಿದ್ಯಾರ್ಥಿಯು ತಾನು ಯಾರೆಂದು ಹೇಳಿಕೊಳ್ಳಬೇಕು. ಕೊಟ್ಟಿರುವ ವಿಷಯಗಳಲ್ಲಿ ಒಂದು, ಎದುರಾದ ಅಡ್ಡಿಯನ್ನೋ ಸೋಲನ್ನೋ ವಿವರಿಸಿ ಅದರಿಂದ ಕಲಿತದ್ದನ್ನು ಬರೆಯುವುದು. ಪ್ರಶ್ನೆಯೇನೋ ಒಳ್ಳೆಯದೇ. ಆದರೆ ತೋಟದ ಬಂಗಲೆಯಿಂದ ಊಟಿಯ ವಸತಿ ಶಾಲೆಗೆ, ಅಲ್ಲಿಂದ ರಜೆಗೆ ಮತ್ತೆ ಬಂಗಲೆಗೆ ಕಾರಿನಲ್ಲಿಯೇ ಓಡಾಡಿ ಬೆಳೆದ ಹದಿನೇಳರ ಹುಡುಗನು ದಿಢೀರನೆ ಸೋಲನ್ನು ಎಲ್ಲಿಂದ ತರಬೇಕು?

ಹಾಗಾಗಿ ಸ್ಥಳೀಯವಾಗಿ ಸಿಗುವ ಸಾಮಗ್ರಿಗೆ ಈಗ ಬೇಡಿಕೆ ಬಂದಿದೆ. ಬಾಬಾ ಬುಡನ್ ಏಳು ಕಾಫಿ ಬೀಜಗಳನ್ನು ತಂದ ಕಥೆಯಿಂದ ಆರಂಭವಾಗುವ ಪ್ರಬಂಧಗಳು ಎಷ್ಟಾಗಿವೆಯೆಂದರೆ, ಅಮೆರಿಕದ ಪ್ರವೇಶಾಧಿಕಾರಿಗಳಿಗೆ ಗಿರಿಯ ದಾರಿ ನಮಗಿಂತ ಚೆನ್ನಾಗಿ ತಿಳಿದಿರಬೇಕು. ಅದು ಸವಕಲಾದ ಮೇಲೆ ಸಕಲೇಶಪುರ, ಆಲೂರು, ಬೇಲೂರು ಕಡೆಯ ಆನೆಗಳ ಸರದಿ ಬಂದಿದೆ. ತೋಟಕ್ಕೆ ಆನೆ ನುಗ್ಗಿದ ರಾತ್ರಿ, ಮರುದಿನ ಅಂಗಳದಲ್ಲಿ ಕಂಡ ಹೆಜ್ಜೆ, ಮನುಷ್ಯನೂ ಪ್ರಾಣಿಯೂ ಒಟ್ಟಿಗೆ ಬಾಳಬೇಕೆಂಬ ಅರಿವು ಮತ್ತು ಕೊನೆಯಲ್ಲಿ ಪರಿಸರ ವಿಜ್ಞಾನ ಓದುವ ಸಂಕಲ್ಪ. ಆನೆ ತುಳಿದು ಸತ್ತವನು ತೋಟದ ಕೂಲಿಯಾಳು. ಪಾಠ ಕಲಿತವನು ಮಾಲೀಕರ ಮಗ. ಸತ್ತವನ ಪಾಲಿಗೆ 650ರಲ್ಲಿ ಹನ್ನೆರಡೋ ಹದಿಮೂರೋ ಪದ ಸಿಕ್ಕರೆ ಪುಣ್ಯ, ಅದೂ ಹೆಸರಿಲ್ಲದೆ.

ನಮ್ಮ ಮಕ್ಕಳನ್ನು ಇದಕ್ಕೆ ನಾವು ಸಿದ್ಧಪಡಿಸಿಲ್ಲವೆಂಬ ಆಕ್ಷೇಪವೂ ಶಿಬಿರದಲ್ಲಿ ಕೇಳಿಬಂದಿತಂತೆ. ಇದನ್ನು ನಾನು ಒಪ್ಪುವುದಿಲ್ಲ. ಹತ್ತನೆಯ ತರಗತಿಯವರೆಗೆ ಅವರು ಬರೆದ ಪ್ರಬಂಧಗಳಲ್ಲಿ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಶೀರ್ಷಿಕೆಗಳಿದ್ದವು. ಪರಿಸರ ಮಾಲಿನ್ಯ, ಗ್ರಂಥಾಲಯಗಳ ಮಹತ್ವ, ರಾಷ್ಟ್ರೀಯ ಹಬ್ಬಗಳು ಇದ್ದವು. ಬರೆದವನೊಬ್ಬ ಇರಲಿಲ್ಲ, ಅಷ್ಟೇ. ಗೈಡಿನಲ್ಲಿ ಇಲ್ಲದ ವಾಕ್ಯ ಬರೆದವನ ಕಡೆಗೆ ಮೇಷ್ಟ್ರು ಅನುಮಾನದಿಂದ ನೋಡುತ್ತಿದ್ದರು. ಈ ವಿದ್ಯೆಯ ಬಲದಿಂದಲೇ 2019ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಹಾಸನ ರಾಜ್ಯಕ್ಕೇ ಮೊದಲ ಸ್ಥಾನ ಪಡೆಯಿತು, ಮತ್ತು ಅದರ ಶ್ರೇಯಸ್ಸು ತಮಗೇ ಸಲ್ಲಬೇಕೆಂದು ಪರೀಕ್ಷೆ ಬರೆಯದ ದೊಡ್ಡವರ ನಡುವೆ ನಡೆದ ನೂಕುನುಗ್ಗಲು ಜಿಲ್ಲೆಯವರಿಗೆ ಇನ್ನೂ ಮರೆತಿಲ್ಲ. ಶಾಲೆಯಲ್ಲಿ ಮಗು ತನ್ನ ಬಗ್ಗೆ ಬರೆಯುತ್ತಿದ್ದ ಏಕೈಕ ಬರಹವೆಂದರೆ ರಜೆ ಚೀಟಿ. ಅದರಲ್ಲಿನ ಜ್ವರ ಸುಳ್ಳು, ಕೆಳಗಿನ ಅಪ್ಪನ ಸಹಿ ಅಣ್ಣನದು. ಇಲ್ಲದ ಕಷ್ಟವನ್ನು ಕಲ್ಪಿಸಿಕೊಂಡು, ಬೇರೊಬ್ಬರ ಕೈಯಿಂದ ಬರೆಸಿ, ಮೇಲಿನವರ ಮನಸ್ಸು ಕರಗಿಸುವ ಈ ಕಲೆಯಲ್ಲಿ ನಮ್ಮವರು ಒಂದನೆಯ ತರಗತಿಯಿಂದಲೇ ನುರಿತಿದ್ದಾರೆ. ಅಮೆರಿಕದವರು ಅದಕ್ಕೆ ಪದಮಿತಿ ಹಾಕಿದ್ದಾರೆ, ಅಷ್ಟೇ ವ್ಯತ್ಯಾಸ.

ಅಲ್ಲಿಯವರಾದರೂ ಎಂಥವರು? 2019ರಲ್ಲಿ ಬಯಲಾದ ಪ್ರವೇಶ ಹಗರಣದಲ್ಲಿ ರಿಕ್ ಸಿಂಗರ್ ಎಂಬ ಸಲಹೆಗಾರನು ಶ್ರೀಮಂತರ ಮಕ್ಕಳ ಮುಖಗಳನ್ನು ಕ್ರೀಡಾಪಟುಗಳ ಚಿತ್ರಗಳಿಗೆ ಅಂಟಿಸಿ ಸೀಟು ಕೊಡಿಸಿದ್ದನು. ಪೋಷಕರು ಜಪಮಾಲೆಯಂತೆ ಹಿಡಿದುಕೊಂಡಿರುವ ಶ್ರೇಯಾಂಕ ಪಟ್ಟಿಯ ಹಣೆಬರಹವೂ ಗೊತ್ತಿರುವುದೇ. 2022ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಅಂಕಿಅಂಶಗಳನ್ನು ಅದರದೇ ಗಣಿತ ಪ್ರಾಧ್ಯಾಪಕರು ಪ್ರಶ್ನಿಸಿದ ಮೇಲೆ, ಎರಡನೆಯ ಸ್ಥಾನದಲ್ಲಿದ್ದ ಆ ಸಂಸ್ಥೆ ಒಮ್ಮೆಲೇ ಹದಿನೆಂಟಕ್ಕೆ ಇಳಿಯಿತು. ತನ್ನ ಬಗ್ಗೆ ಸರಿಯಾದ ಲೆಕ್ಕ ಕೊಡಲಾಗದ ಕಾಲೇಜು ಹದಿನೇಳರ ಹುಡುಗನಿಂದ ಪ್ರಾಮಾಣಿಕ ಆತ್ಮಚರಿತ್ರೆಯನ್ನು ಬಯಸುತ್ತದೆ.

ಇತ್ತೀಚೆಗೆ ಹೆಚ್ಚು ಬೆಲೆ ಬಂದಿರುವುದು ಸಮಾಜಸೇವೆಗೆ. ಬೇಸಿಗೆ ರಜೆಯಲ್ಲಿ ಬಂಗಲೆಯ ಹುಡುಗ ತೋಟದ ಕೂಲಿಕಾರರು ವಾಸಿಸುವ ಲೈನ್ ಮನೆಗಳ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಾನೆ, ಅವರೊಂದಿಗೆ ಫೋಟೊ ತೆಗೆಸಿಕೊಳ್ಳುತ್ತಾನೆ, ಒಂದು ಟ್ರಸ್ಟ್ ನೋಂದಣಿಯಾಗುತ್ತದೆ. ಅರ್ಜಿ ಸಲ್ಲಿಕೆಯಾದ ಮೇಲೆ ಆ ಪಾಠಶಾಲೆಗೆ ಬೀಗ ಬೀಳುತ್ತದೆ. ಫೋಟೊದ ಅಂಚಿನಲ್ಲಿ ನಿಂತ ಹುಡುಗಿಯೊಬ್ಬಳೂ ಇದೇ ವರ್ಷ ದ್ವಿತೀಯ ಪಿಯುಸಿ ಮುಗಿಸಿರುತ್ತಾಳೆ. ಅವಳಿಗೂ ಕಾಲೇಜು ಬೇಕು. ಅವಳ ಕಥೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಪರೀಕ್ಷಾ ಪ್ರಾಧಿಕಾರಕ್ಕೆ ಬೇಕಾದದ್ದು ಸಿಇಟಿ ಅಂಕ, ಪಿಯುಸಿ ಅಂಕ ಮತ್ತು ಜಾತಿ, ಆದಾಯ ಪ್ರಮಾಣಪತ್ರದ ಆರ್‌.ಡಿ. ಸಂಖ್ಯೆ. ಆ ಸಂಖ್ಯೆಗಾಗಿ ಅಪ್ಪ ಒಂದು ದಿನದ ಕೂಲಿ ಬಿಟ್ಟು ನಾಡಕಚೇರಿಗೆ ಹೋದರೆ ಸರ್ವರ್ ಇರುವುದಿಲ್ಲ. ಬಳಿಕ ಸೈಬರ್ ಸೆಂಟರಿನಲ್ಲಿ ಕುಳಿತು, ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜನ್ನು ಮೊದಲು ಹಾಕಬೇಕೋ ಚಿಕ್ಕಮಗಳೂರಿನ ಆದಿಚುಂಚನಗಿರಿ ಕಾಲೇಜನ್ನೋ ಎಂದು ಅವಳು ಯಾರನ್ನು ಕೇಳಬೇಕು? ನಿಜವಾದ ಅಡ್ಡಿ, ನಿಜವಾದ ಸೋಲು, ಅದರಿಂದ ಕಲಿತದ್ದು ಎಲ್ಲವೂ ಇರುವ ಒಂದು ಮಗು ಈ ಇಡೀ ವ್ಯವಹಾರದಲ್ಲಿದ್ದರೆ ಅದು ಅವಳೇ, ಮತ್ತು ಅವಳು ಇನ್ನೊಬ್ಬನ ಪ್ರಬಂಧದ ಮೂರನೆಯ ಪ್ಯಾರಾದಲ್ಲಿ ‘ಹೊಳೆಯುವ ಕಣ್ಣುಗಳ ಮಕ್ಕಳು’ ಎಂಬ ಬಹುವಚನದಲ್ಲಿ ಸೇರಿಹೋಗಿದ್ದಾಳೆ. ಇದನ್ನು ವಿಡಂಬನೆ ಮಾಡುವುದೂ ಬೇಸರವೇ.

ಇನ್ನು ಪ್ರಬಂಧ ಬರೆಯುವವರ ವಿಷಯ. ಕೃತಕ ಬುದ್ಧಿಮತ್ತೆಯಿಂದ ಬರೆಸಿದ್ದನ್ನು ತನ್ನದೆಂದು ಸಲ್ಲಿಸಿದರೆ ಅದು ವಂಚನೆಯೆಂದು ಕಾಮನ್ ಆ್ಯಪ್ ನಿಯಮ ಮಾಡಿಕೊಂಡಿರುವುದರಿಂದ, ತಮ್ಮಲ್ಲಿ ಯಂತ್ರ ಬಳಸುವುದೇ ಇಲ್ಲ, ಪ್ರತಿ ಪದವನ್ನೂ ಮನುಷ್ಯರೇ ಬರೆಯುತ್ತಾರೆ ಎಂದು ಸಲಹೆಗಾರರು ಎದೆ ತಟ್ಟಿಕೊಳ್ಳುತ್ತಾರೆ. ಯಾವ ಮನುಷ್ಯರೆಂದು ಯಾರೂ ಕೇಳುವುದಿಲ್ಲ. ಇಂಗ್ಲಿಷ್ ಎಂ.ಎ. ಮಾಡಿ, ಸರ್ಕಾರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗಿರುವವರು ರಾತ್ರಿ ಕುಳಿತು ಬೇರೆಯವರ ಬಾಲ್ಯಗಳನ್ನು ಬರೆಯುತ್ತಾರೆ. ತಿಂಗಳುಗಟ್ಟಲೆ ಬಾಕಿ ಉಳಿಯುವ ಗೌರವಧನಕ್ಕಿಂತ ಈ ದುಡ್ಡು ಬೇಗ ಕೈಸೇರುತ್ತದೆ, ಆದ್ದರಿಂದ ಅವರನ್ನು ಬೈಯುವ ಉಮೇದು ನನಗಿಲ್ಲ. ಒಬ್ಬರು ಒಂದೇ ಋತುವಿನಲ್ಲಿ ಮೂವರು ಅಜ್ಜಂದಿರನ್ನು ಸಾಯಿಸಬೇಕಾಯಿತೆಂದೂ, ಅವರಲ್ಲೊಬ್ಬರು ಇಂದಿಗೂ ಬೆಳಿಗ್ಗೆ ಕ್ಲಬ್ಬಿಗೆ ಟೆನಿಸ್ ಆಡಲು ಬರುತ್ತಾರೆಂದೂ ಕೇಳಿದ್ದೇನೆ.

ಮುಂದಿನ ಶಿಬಿರ ಹಾಸನದಲ್ಲಿ. ನೋಂದಣಿ ಶುಲ್ಕವನ್ನು ಮುಂಗಡವಾಗಿ ಪಾವತಿಸಬೇಕು, ಯಾವ ಕಾರಣಕ್ಕೂ ಹಿಂತಿರುಗಿಸಲಾಗುವುದಿಲ್ಲ, ಮತ್ತು ಆನೆಯ ವಿಷಯ ಆಗಲೇ ಭರ್ತಿಯಾಗಿದೆಯಂತೆ.