ಹಾವೇರಿ ವಿವಿ ಮುಚ್ಚಬೇಡಿ, ಬ್ಯಾಡಗಿ ಮಾರ್ಕೆಟ್ಟಿಗೆ ಜೋಡಿಸಿ

2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಿ ಎಂದಿತು. ಆ ಪಟ್ಟಿಯಲ್ಲಿ ನಮ್ಮ ಹಾವೇರಿಯದೂ ಇತ್ತು. ರೊಕ್ಕ ಇಲ್ಲ, ಜನ ಇಲ್ಲ ಅನ್ನೋದು ಕಾರಣ. ಸುಳ್ಳಲ್ಲ. ಆದರೆ 2023ರಲ್ಲಿ ಬೋರ್ಡು ಹಾಕಿ, ಎರಡೇ ವರ್ಷಕ್ಕೆ ನಡೆಯೋದಿಲ್ಲ ಅಂದರೆ ಹೇಗೆ?

ಧಾರವಾಡ ನೋಡಿ. 1949ರಲ್ಲಿ ಮುಂಬೈನಲ್ಲಿ ಶುರುವಾದ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷ ಅಲ್ಲಿಗೆ ಬಂತು. ಆಮೇಲೆ ಡಿ.ಸಿ. ಪಾವಟೆಯವರು ಹದಿಮೂರು ವರ್ಷ ಕುಲಪತಿಯಾಗಿದ್ದು ಅದನ್ನು ಕಟ್ಟಿದರು. ಇವತ್ತು ಆ ಊರಿನ ಎಷ್ಟೋ ಖಾನಾವಳಿ, ಪುಸ್ತಕದಂಗಡಿ, ಬಾಡಿಗೆ ರೂಮು ನಡೆಯುವುದು ಓದೋಕೆ ಬಂದ ಹುಡುಗರಿಂದಲೇ.

ಹಾವೇರಿಗೂ ಅದೆಲ್ಲ ಬರಲಿ. ನನಗೆ ಬೇಕಾಗಿರುವುದು ಅದಕ್ಕಿಂತ ಜಾಸ್ತಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಜಿಐ ಟ್ಯಾಗ್, ಅಂದರೆ ಭೌಗೋಳಿಕ ಗುರುತು, ಸಿಕ್ಕಿದೆ. ಖಾರ ಕಡಿಮೆ, ಬಣ್ಣ ಜಾಸ್ತಿ, ಬೆಲೆ ನಿಂತಿರುವುದೇ ಆ ಬಣ್ಣದ ಮೇಲೆ. ಸುಗ್ಗಿಯಲ್ಲಿ ರೈತ ಚೀಲ ಇಳಿಸಿದರೆ ಖರೀದಿದಾರ ನಾಲ್ಕು ಕಾಯಿ ಕೈಯಲ್ಲಿ ಹಿಡಿದು, ಮುರಿದು ನೋಡಿ ರೇಟು ಬರೆಯುತ್ತಾನೆ. ಕಾಯಿಯಿಂದ ಬಣ್ಣ ತೆಗೆಯುವ ಕಂಪನಿಗಳು ಮಾತ್ರ ಲ್ಯಾಬಿನಲ್ಲಿ ಆಸ್ಟಾ ನಂಬರು, ಅಂದರೆ ಬಣ್ಣ ಎಷ್ಟಿದೆ ಅನ್ನೋ ಅಳತೆ, ನೋಡಿಯೇ ಮುಂದುವರಿಯುತ್ತವೆ. ಪುಡಿಯನ್ನು ಅಸಿಟೋನಿನಲ್ಲಿ ನೆನೆಸಿ, ಸೋಸಿ, ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ಬಣ್ಣ ಅಳೆಯುವುದು, ಅಷ್ಟೇ. ಎಂ.ಎಸ್ಸಿ. ಕೆಮಿಸ್ಟ್ರಿ ಓದುವವರಿಗೆ ಇದು ಕಷ್ಟದ ಕೆಲಸವೇ ಅಲ್ಲ. ವಿವಿಯವರು ಮಾರ್ಕೆಟ್ಟಿನಲ್ಲೇ ಒಂದು ಕೋಣೆ ಹಿಡಿದು, ಟೆಂಡರ್‌ಗೆ ಮೊದಲೇ ರೈತನ ಕೈಗೆ ಆ ನಂಬರಿನ ಚೀಟಿ ಕೊಟ್ಟರೆ ಅವನು ಚೌಕಾಸಿಗೆ ಗಟ್ಟಿಯಾಗಿ ನಿಲ್ಲಬಹುದು, ಅಲ್ವಾ?

ರಾಣೆಬೆನ್ನೂರು ಕಡೆ ಹೈಬ್ರಿಡ್ ಬೀಜ ಬೆಳೆಯುವ ಸೀಡ್ಸ್ ಪ್ಲಾಟುಗಳಲ್ಲೂ ಇದೇ ಕಥೆ. ಹೆಣ್ಣುಮಕ್ಕಳು ಸಂಜೆ ಮೊಗ್ಗಿನ ಗಂಡು ಭಾಗ ಚಿವುಟಿ ತೆಗೆದು, ಮರುದಿನ ಬೆಳಿಗ್ಗೆ ಒಂದೊಂದೇ ಹೂವಿಗೆ ಪರಾಗ ಮುಟ್ಟಿಸುತ್ತಾರೆ. ಇಷ್ಟು ನಾಜೂಕಿನ ಕೆಲಸ ಕೂಲಿ ಲೆಕ್ಕದಲ್ಲೇ ಮುಗಿದುಹೋಗುತ್ತಿದೆ. ಇದಕ್ಕೊಂದು ಸಣ್ಣ ಕೋರ್ಸು, ಸರ್ಟಿಫಿಕೇಟು ಯಾಕೆ ಇರಬಾರದು?

ಇನ್ನು ಅವರ ಮಗಳಂದಿರು. ಡಿಗ್ರಿ ಮುಗಿದ ಮೇಲೆ ಧಾರವಾಡಕ್ಕೆ ಕಳಿಸೋದಿಲ್ಲ ಅನ್ನೋ ಮನೆಗಳು ಇವತ್ತಿಗೂ ಇವೆ. ಹಾವೇರಿ ವಿವಿ ಇರುವ ಕೆರಿಮತ್ತಿಹಳ್ಳಿ ಅಂದರೆ ಬೇಡ ಅನ್ನೋದಿಲ್ಲ, ಯಾಕಂದ್ರೆ ಶಕ್ತಿ ಯೋಜನೆಯಲ್ಲಿ ಬಸ್ಸು ಫ್ರೀ, ಸಂಜೆ ಹುಡುಗಿ ಮನೆಯಲ್ಲಿರುತ್ತಾಳೆ. ಇಲ್ಲಿ ಬಾಗಿಲು ಹಾಕಿದರೆ ಆ ಹುಡುಗಿಯ ಓದು ಅಲ್ಲಿಗೇ ನಿಲ್ಲುತ್ತದೆ. ಸಮಿತಿಯ ಲೆಕ್ಕದಲ್ಲಿ ಇವಳು ಎಲ್ಲಿದ್ದಾಳೆ?

ಜಿಲ್ಲೆಯ ಶಾಸಕರಿಗೆ ನಾನು ಕೇಳುವುದು ಇಷ್ಟೇ: ಮೊದಲು ಖಾಯಂ ಹುದ್ದೆ ತುಂಬಿಸಿ, ಒಂದು ಒಳ್ಳೆಯ ಲ್ಯಾಬು ಕೊಡಿಸಿ, ಮತ್ತು ಮುಂದಿನ ಕೋರ್ಸು ಯಾವುದು ಅಂತ ತೀರ್ಮಾನಿಸುವಾಗ ಬ್ಯಾಡಗಿ ವರ್ತಕರನ್ನೂ ರೈತ ಸಂಘದವರನ್ನೂ ಕೂರಿಸಿಕೊಂಡು ಮಾತಾಡಿ.